ಸಾಕು ಎಂಬ ಅಳತೆ



ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ಅರಿಯದವರು ವಿರಳ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಹೊತ್ತು ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಸಂಗ್ರಹಬುದ್ಧಿಯ ಖಂಡನೆ ಎಂದು ಈ ಪ್ರಸಂಗವನ್ನು ವಿವರಿಸುವುದುಂಟು. ಅದರಲ್ಲಿ ಮತ್ತೊಂದು ಅರ್ಥವೂ ಅಡಗಿದೆ. ಎಷ್ಟು ಸಾಕು ಎಂಬುದು ದುಡಿಯುವ ಕೈಗೆ ದುಡಿಯುವ ಹೊತ್ತಿನಲ್ಲಿ ತಿಳಿಯುವುದು ಕಷ್ಟ. ಮನೆಯಲ್ಲಿ ಕಾದು ಕುಳಿತ ಕಣ್ಣಿಗೆ ಅದು ಬೇಗ ತಿಳಿಯುತ್ತದೆ. ಹುಣಸೂರು ತಾಲ್ಲೂಕಿನ ಪ್ರೌಢಶಾಲೆಯೊಂದರ ಗಣಿತದ ಮೇಷ್ಟ್ರೊಬ್ಬರಿಗೆ ಈ ಅರ್ಥ ಗ್ರಂಥದಿಂದ ದೊರೆಯಲಿಲ್ಲ. ಮನೆಯಿಂದ ಬಹುದೂರದ ಒಂದು ಕಡಲತೀರದಲ್ಲಿ, ಬೆವರಿನಲ್ಲಿ ದೊರೆಯಿತು.

ಮೇಷ್ಟ್ರಿಗೆ ಆಗ ಮೂವತ್ತೇಳು ವರ್ಷ. ತಂದೆ ಹೊಗೆಸೊಪ್ಪಿನ ಬೇಸಾಯಗಾರರು. ತಾಯಿಯ ತವರು ಕೆ.ಆರ್. ನಗರ ಸೀಮೆಯ ನಾಲೆಬದಿಯ ಒಂದು ಹಳ್ಳಿ. 1999ರ ದಸರಾ ರಜೆಯಲ್ಲಿ ತಾಯಿಯೊಡನೆ ಅಣ್ಣತಮ್ಮಂದಿರಿಬ್ಬರೂ ಆ ಊರಿಗೆ ಹೋಗಿದ್ದರು. ನಾಲೆ ತುಂಬಿ ಹರಿಯುತ್ತಿತ್ತು. ಹದಿನಾಲ್ಕರ ಅಣ್ಣ ಎಮ್ಮೆ ತೊಳೆಯುವ ಹುಡುಗರೊಡನೆ ನೀರಿಗಿಳಿದ. ಹನ್ನೆರಡರ ತಮ್ಮ ಮೆಟ್ಟಿಲ ಮೇಲೆ ಅಣ್ಣನ ಅಂಗಿಯನ್ನು ಹಿಡಿದು ಕುಳಿತಿದ್ದ. ಅಂಗಿ ಮಾತ್ರ ಮನೆಗೆ ಹಿಂದಿರುಗಿತು. ಅಂದಿನಿಂದ ಆ ಮನೆಯವರು ಯಾರೂ ಹೊಳೆಗಾಗಲಿ ಕೆರೆಗಾಗಲಿ ಇಳಿಯಲಿಲ್ಲ. ಅವ್ವ ತವರಿಗೆ ಹೋಗಬೇಕಾದಾಗಲೆಲ್ಲ ನಾಲೆಯ ಸೇತುವೆಯನ್ನು ತಪ್ಪಿಸಿ, ಸುತ್ತಿನ ದಾರಿ ಹಿಡಿಯುತ್ತಿದ್ದರು. ಹಬ್ಬದ ಗಂಗಾಪೂಜೆಯನ್ನು ಕೂಡ ಮನೆಯ ಹಿತ್ತಿಲ ನಲ್ಲಿಯಲ್ಲಿಯೇ ನೆರವೇರಿಸುವುದು ರೂಢಿಯಾಯಿತು.

ಇಂತಹ ಮನೆಯ ಮಗನಿಗೆ ಟ್ರಯಥ್ಲಾನ್ ಎಂಬ ಸ್ಪರ್ಧೆಯ ಮೇಲೆ ಮನಸ್ಸು ಹೋದದ್ದು ಸೋಜಿಗವೇ ಸರಿ. ಒಂದೇ ದಿನದಲ್ಲಿ, ನಡುವೆ ಬಿಡುವಿಲ್ಲದೆ, ಮೊದಲು ಈಜು, ಬಳಿಕ ಸೈಕಲ್ ಸವಾರಿ, ಕೊನೆಗೆ ಓಟ, ಈ ಮೂರನ್ನೂ ಪೂರೈಸುವ ಸ್ಪರ್ಧೆಯಿದು. ಇದರ ಒಂದು ದೀರ್ಘ ರೂಪವಾದ ‘ಐರನ್‌ಮ್ಯಾನ್’ 1978ರ ಫೆಬ್ರುವರಿ 18ರಂದು ಹವಾಯಿಯ ಓಅಹು ದ್ವೀಪದಲ್ಲಿ ಆರಂಭವಾಯಿತು. ಅಮೆರಿಕದ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ ಅದನ್ನು ಹುಟ್ಟುಹಾಕಿದವರು. ಅಂದು ಹೊರಟವರು 15 ಮಂದಿ, ಮುಗಿಸಿದವರು 12 ಮಂದಿ. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ ಅದರ ಪ್ರಮಾಣ. ಅದರ ಅರ್ಧದ ಸ್ಪರ್ಧೆಯೂ ಇದೆ: 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಒಟ್ಟು 113 ಕಿ.ಮೀ., ಮೈಲಿಯ ಲೆಕ್ಕದಲ್ಲಿ 70.3. ಆದ್ದರಿಂದಲೇ ಅದಕ್ಕೆ ‘ಐರನ್‌ಮ್ಯಾನ್ 70.3’ ಎಂದು ಹೆಸರು. 2019ರಲ್ಲಿ ಗೋವೆಯಲ್ಲಿ ಈ ಅರ್ಧದ ಸ್ಪರ್ಧೆ ಮೊದಲ ಬಾರಿಗೆ ನಡೆಯಿತು.

ಮೇಷ್ಟ್ರು ಓಟವನ್ನು ಶಾಲೆಯ ಮೈದಾನದಲ್ಲಿ ಮಕ್ಕಳೊಡನೆ ಕಲಿತಿದ್ದರು. ಸೈಕಲ್ ಹಳ್ಳಿಯ ಹುಡುಗರಿಗೆ ಹುಟ್ಟುಗುಣ. ಉಳಿದದ್ದು ನೀರು. ಅದನ್ನು ಬಿಟ್ಟು ಓಟದ ಸ್ಪರ್ಧೆಗಳಿಗಷ್ಟೇ ಹೋಗಬಹುದಾಗಿತ್ತು. ಆದರೆ ಅವರ ಮನಸ್ಸು ಎಳೆಯುತ್ತಿದ್ದದ್ದೇ ಆ ನೀರಿನ ಕಡೆಗೆ. ಬೆಂಗಳೂರಿನ ಈಜುಗಾರ್ತಿ ನಿಶಾ ಮಿಲೆಟ್ ಐದನೆಯ ವಯಸ್ಸಿನಲ್ಲಿ ಮುಳುಗುವ ಅಪಾಯದಿಂದ ಪಾರಾಗಿ, ಆ ಭಯ ಕಳೆಯಲೆಂದೇ ತಂದೆಯ ಒತ್ತಾಸೆಯಿಂದ ಈಜು ಕಲಿತು, 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ ಸಂಗತಿಯನ್ನು ಅವರು ಎಲ್ಲಿಯೋ ಓದಿದ್ದರು. ಆ ಮಗುವಿಗೆ ಐದು ವರ್ಷ, ತನಗೆ ಮೂವತ್ತನಾಲ್ಕು. ವ್ಯತ್ಯಾಸ ಇಪ್ಪತ್ತೊಂಬತ್ತು ಎಂದು ಲೆಕ್ಕ ಹಾಕಿದ ಮೇಷ್ಟ್ರು ಒಂದು ಭಾನುವಾರ ಮೈಸೂರಿನ ಸರಸ್ವತಿಪುರದ ಈಜುಕೊಳಕ್ಕೆ ಹೋದರು.

ಮೊದಲ ತಿಂಗಳು ಅವರು ಈಜಲಿಲ್ಲ. ಎದೆಮಟ್ಟದ ನೀರಿನಲ್ಲಿ ಕಂಬಿ ಹಿಡಿದು ನಿಂತು, ಮುಖವನ್ನು ಮುಳುಗಿಸಿ ಉಸಿರು ಬಿಡುವುದನ್ನಷ್ಟೇ ಅಭ್ಯಸಿಸಿದರು. ನೀರಿನೊಳಗೆ ಉಸಿರನ್ನು ಹಿಡಿದಿಟ್ಟುಕೊಳ್ಳುವವನಿಗೆ ದಮ್ಮು ಕಟ್ಟುತ್ತದೆ. ಮುಖ ಒಳಗಿರುವಾಗಲೇ ನಿಧಾನವಾಗಿ ಬಿಟ್ಟವನಿಗೆ ಮಾತ್ರ ಮುಖ ಮೇಲೆತ್ತಿದಾಗ ಹೊಸ ಉಸಿರಿಗೆ ಜಾಗ ಸಿಗುತ್ತದೆ. ಪಕ್ಕದಲ್ಲಿ ಆರೇಳು ವರ್ಷದ ಮಕ್ಕಳು ಮೀನಿನ ಮರಿಗಳಂತೆ ಹಾದುಹೋಗುತ್ತಿದ್ದರು. ನಾಚಿಕೆಯನ್ನು ನುಂಗಿ, ವಾರಕ್ಕೆ ಎರಡು ದಿನದಂತೆ ಮೂರು ವರ್ಷ ಅವರು ಅಲ್ಲಿಗೆ ಹೋದರು. 1.9 ಕಿ.ಮೀ. ಎಂದರೆ 50 ಮೀಟರಿನ ಕೊಳದಲ್ಲಿ 38 ಬಾರಿ. ಆ ಮೂವತ್ತೆಂಟನೆಯ ಬಾರಿಯನ್ನು ಮುಟ್ಟಲು ಅವರಿಗೆ ಹತ್ತೊಂಬತ್ತು ತಿಂಗಳು ಹಿಡಿಯಿತು.

ಮನೆಯಲ್ಲಿ ಈ ವಿಷಯವನ್ನು ಹೇಳಿರಲಿಲ್ಲ. ಮೈಸೂರಿನಲ್ಲಿ ತರಬೇತಿ ಇದೆ ಎಂದಷ್ಟೇ ಹೇಳಿದ್ದರು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆದರೆ ಕೊಳದ ನೀರಿಗೆ ಬೆರೆಸುವ ಕ್ಲೋರಿನ್ ವಾಸನೆ ಟವೆಲಿನಿಂದ ಹೋಗುವಂಥದಲ್ಲ. ಅವ್ವನಿಗೆ ತಿಳಿಯಿತು. ಅವರು ಒಂದು ಮಾತೂ ಆಡಲಿಲ್ಲ. ಆ ಟವೆಲನ್ನು ಮಾತ್ರ ಬೇರೆಯಾಗಿ ಒಗೆದು, ಬೇರೆಯಾಗಿ ಒಣಹಾಕುತ್ತಿದ್ದರು. ಮಗನೂ ಕೇಳಲಿಲ್ಲ. ತಂತಿಯ ಮೇಲೆ ಒಂಟಿಯಾಗಿ ತೂಗುವ ಆ ಬಟ್ಟೆ ಮನೆಯಲ್ಲಿ ಎರಡು ವರ್ಷ ನಡೆದ ಮಾತುಕತೆಯಾಗಿತ್ತು.

ಸೈಕಲ್ ಅಭ್ಯಾಸಕ್ಕೆ ಆ ಸೀಮೆಯೇ ಪಾಠಶಾಲೆಯಾಯಿತು. ಭಾನುವಾರದ ಮುಂಜಾವಿನಲ್ಲಿ ಹುಣಸೂರಿನಿಂದ ಲಕ್ಷ್ಮಣತೀರ್ಥವನ್ನು ದಾಟಿ ಪಿರಿಯಾಪಟ್ಟಣ, ಅಲ್ಲಿಂದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟವನ್ನು ದೂರದಿಂದಲೇ ಕಾಣುತ್ತ ಬೆಟ್ಟದಪುರ, ಮುಂದೆ ಚುಂಚನಕಟ್ಟೆಯ ಕಡೆಯಿಂದ ಕೆ.ಆರ್. ನಗರ, ಮತ್ತೆ ಹುಣಸೂರು. ಹೀಗೆ ಸುತ್ತಿದರೆ ನೂರು ಕಿ.ಮೀ.ನ ಆಚೀಚೆ ಆಗುತ್ತಿತ್ತು. ಹೊತ್ತೇರಿದರೆ ಮಡಿಕೇರಿ ಹೆದ್ದಾರಿಯಲ್ಲಿ ಪ್ರವಾಸಿಗರ ಕಾರುಗಳ ಸಾಲು. ಬೇರೆ ವಾರಗಳಲ್ಲಿ ಹಂಪಾಪುರದ ಮೇಲಾಗಿ ಎಚ್.ಡಿ. ಕೋಟೆಗೆ ಹೋಗುವುದಿತ್ತು. ಕಾಡಂಚಿನ ಹಳ್ಳಿಗಳಲ್ಲಿ ಬೆಳಕು ಹರಿಯುವವರೆಗೂ ಆನೆಗಳು ಗದ್ದೆಯಿಂದ ಹಿಂದಿರುಗಿರುವುದಿಲ್ಲವಾದ್ದರಿಂದ ಆ ದಿಕ್ಕಿಗೆ ಸೂರ್ಯೋದಯಕ್ಕೆ ಮೊದಲು ಹೊರಡುತ್ತಿರಲಿಲ್ಲ. ಕಬಿನಿಯ ಹಿನ್ನೀರು ಕಂಡಾಗ ಅಲ್ಲಿಯೇ ಈಜಿದರಾಗದೇ ಎಂಬ ಆಸೆ ಹುಟ್ಟಿದ್ದುಂಟು. ಮೊಸಳೆಗಳಿರುವ ನೀರದು, ಆಸೆಯನ್ನು ದಡದಲ್ಲಿಯೇ ಬಿಟ್ಟು ಬಂದರು. ತೆರೆದ ನೀರಿನ ಅಭ್ಯಾಸಕ್ಕೆ ಕರಾವಳಿಗೆ ಹೋಗಿ, ಬಲ್ಲವರ ಕಣ್ಗಾವಲಿನಲ್ಲಿ ನಾಲ್ಕು ಬಾರಿ ಕಡಲಿಗಿಳಿದರು.

ಈ ದಿನಗಳಲ್ಲಿ ತಂದೆ ಆಡಿದ ಒಂದು ಮಾತು ಮುಂದೆ ನೆನಪಿಗೆ ಬರಬೇಕಾಗಿತ್ತು. ಹುಣಸೂರು ಸೀಮೆಯಲ್ಲಿ ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ ಬೇಯಿಸುವ ಕಾಲ ಬಂದರೆ ಮನೆಯವರಿಗೆ ನಿದ್ರೆಯಿಲ್ಲ. ಐದಾರು ಹಗಲು, ಐದಾರು ಇರುಳು ಉರಿಯನ್ನು ಕಾಯಬೇಕು. ಮೊದಲು ಎಲೆ ಹಳದಿಯಾಗುವವರೆಗೆ ಹದವಾದ ಶಾಖ, ಆಮೇಲೆ ಎಲೆ ಒಣಗಲು ತುಸು ಹೆಚ್ಚು, ಕೊನೆಯಲ್ಲಿ ನಡುದಂಟು ಒಣಗಲು ಇನ್ನೂ ಹೆಚ್ಚು. ಮೊದಲೇ ಉರಿ ಏರಿಸಿದರೆ ಎಲೆ ಬಣ್ಣಗೆಟ್ಟು, ಹರಾಜು ಕಟ್ಟೆಯಲ್ಲಿ ಕೇಳುವವರಿರುವುದಿಲ್ಲ. ಆ ಬೆಳೆ ಒಳ್ಳೆಯದೋ ಕೆಟ್ಟದೋ ಎಂಬ ಚರ್ಚೆ ಬೇರೆ. ಆ ಕಾಯುವಿಕೆಯಲ್ಲಿ ಒಂದು ವಿವೇಕವಿದೆ. ಮಗನ ಸೈಕಲ್ಲನ್ನು ನೋಡುತ್ತ ತಂದೆ ಹೇಳಿದ್ದು ಇಷ್ಟೇ: “ಮೊದಲ್ನೇ ದಿನವೇ ಸೌದೆ ಎಲ್ಲಾ ಸುಟ್ಬಿಡಬ್ಯಾಡ ಮಗಾ.”

ಹೊರಡುವ ಹಿಂದಿನ ದಿನ ಮೇಷ್ಟ್ರು ಅವ್ವನೆದುರು ಕುಳಿತು ಎಲ್ಲವನ್ನೂ ಹೇಳಿದರು. ಅವ್ವ ರಾಗಿ ಹುರಿಹಿಟ್ಟಿಗೆ ಬೆಲ್ಲ ಬೆರೆಸಿ ಉಂಡೆ ಕಟ್ಟುತ್ತಿದ್ದರು. ಕೈ ನಿಲ್ಲಲಿಲ್ಲ. ಬಹಳ ಹೊತ್ತಿನ ಮೇಲೆ, “ಕಡಲಿಗೆ ದಡ ಐತಾ?” ಎಂದು ಕೇಳಿದರು. ಇದೆ ಎಂದರು ಮಗ. ಉಂಡೆಗಳನ್ನು ಡಬ್ಬಿಗೆ ತುಂಬಿ, ಹಣೆಗೆ ವಿಭೂತಿ ಇಟ್ಟು, ಅವರು ಒಳಗೆ ಹೋದರು.

2024ರ ಅಕ್ಟೋಬರ್ 27, ಭಾನುವಾರ. ಪಣಜಿಯ ಮಿರಾಮಾರ್ ಕಡಲತೀರ. ಸ್ಪರ್ಧೆಯ ನಿಯಮಗಳು ಕಟ್ಟುನಿಟ್ಟು: ಈಜಿಗೆ 1 ಗಂಟೆ 10 ನಿಮಿಷ, ಹೊರಟ ಗಳಿಗೆಯಿಂದ ಐದೂವರೆ ಗಂಟೆಯೊಳಗೆ ಸೈಕಲ್ ಮುಗಿಯಬೇಕು, ಎಂಟೂವರೆ ಗಂಟೆಯೊಳಗೆ ಎಲ್ಲವೂ. ಸೈಕಲ್ ಮೇಲೆ ಮುಂದಿನವನ ಬೆನ್ನ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು ಸಾಗುವಂತಿಲ್ಲ. ನಡುವೆ 12 ಮೀಟರ್ ಅಂತರವಿರಬೇಕು. ಓಟದಲ್ಲಿ ನೆಂಟರಿಷ್ಟರು ಜೊತೆಗೆ ಓಡುವಂತಿಲ್ಲ. ಒಬ್ಬನ ದುಡಿಮೆಯನ್ನು ಮತ್ತೊಬ್ಬನು ಮಾಡಿಕೊಡಲಾಗದು ಎಂಬುದೇ ಈ ನಿಯಮಗಳ ತಾತ್ಪರ್ಯ. ಆದರೆ ಈಜಿನಲ್ಲಿ ಒಂದು ಕರುಣೆಯ ವಿಧಿಯಿದೆ. ದಣಿದವನು ಕಾವಲಿನ ದೋಣಿಯನ್ನು ಹಿಡಿದು ಸುಧಾರಿಸಿಕೊಳ್ಳಬಹುದು, ಅದಕ್ಕೆ ದಂಡವಿಲ್ಲ. ಆ ದೋಣಿಯಿಂದ ಒಂದು ಮಾರು ಕೂಡ ಮುಂದಕ್ಕೆ ಸಾಗುವಂತಿಲ್ಲ, ಅಷ್ಟೆ.

ಮೇಷ್ಟ್ರಿಗೆ ಆ ವಿಧಿ ಬೇಕಾಯಿತು. ಇನ್ನೂರು ಮೀಟರ್ ಹೋಗುವಷ್ಟರಲ್ಲಿ ಅಲೆಯೊಂದು ಮುಖಕ್ಕೆ ಹೊಡೆದು ಬಾಯಿಗೆ ಉಪ್ಪುನೀರು ನುಗ್ಗಿತು. ಕಾಲಿಗೆ ನೆಲ ಸಿಗಲಿಲ್ಲ. ಸುತ್ತಲಿನ ಕೈಕಾಲುಗಳ ಬಡಿತದಲ್ಲಿ ಅವರಿಗೆ ಕಂಡದ್ದು ನಾಲೆಯ ಮೆಟ್ಟಿಲು, ಕೈಯಲ್ಲಿದ್ದ ಅಂಗಿ. ಅವರು ಕೈಯೆತ್ತಿದರು. ದೋಣಿ ಬಂತು. ಅದರ ಅಂಚನ್ನು ಹಿಡಿದು ತೇಲುತ್ತ, ಕೊಳದ ಮೊದಲ ತಿಂಗಳಿನಂತೆ ಮುಖ ಮುಳುಗಿಸಿ ಉಸಿರು ಬಿಟ್ಟರು. ಹತ್ತು ಬಾರಿ, ಇಪ್ಪತ್ತು ಬಾರಿ. ದೋಣಿಯ ಹುಡುಗ, “ಮರಳುವಿರಾ?” ಎಂದು ಹಿಂದಿಯಲ್ಲಿ ಕೇಳಿದ. ಇಲ್ಲವೆಂದು ತಲೆಯಾಡಿಸಿ ಅಂಚನ್ನು ಬಿಟ್ಟರು. ಆಮೇಲೆ ಆರು ಹೊಡೆತಕ್ಕೊಮ್ಮೆ ತಲೆಯೆತ್ತಿ ಮುಂದಿನ ತೇಲುಬುರುಡೆಯನ್ನು ನೋಡುವುದು, ಮತ್ತೆ ಮುಖ ಮುಳುಗಿಸುವುದು; ಬೇರೆ ಯೋಚನೆಯಿರಲಿಲ್ಲ. 1 ಗಂಟೆ 2 ನಿಮಿಷಕ್ಕೆ ಕಾಲಿಗೆ ಮರಳು ಸಿಕ್ಕಿತು. ಅವರು ತೀರದಲ್ಲಿ ಒಂದು ಕ್ಷಣ ಹಿಂದಿರುಗಿ ನೋಡಿದರು. ನೀರು ನೀರಾಗಿಯೇ ಇತ್ತು.

ಅಪಾಯ ಒದಗಿದ್ದು ಅದರ ನಂತರ. ಭಯ ಕಳೆದ ಮೈಗೆ ಅಮಲು ಏರಿತು. ಸೈಕಲ್ ಹತ್ತಿದ ಮೇಷ್ಟ್ರು, ತಮ್ಮನ್ನು ದಾಟಿ ಹೋಗುವ ಒಬ್ಬೊಬ್ಬರನ್ನೂ ಹಿಂಬಾಲಿಸಿದರು. ಗಂಟೆಗೆ 23 ಕಿ.ಮೀ. ವೇಗ ಸಾಕೆಂದು ಮನೆಯಲ್ಲಿ ಕಾಗದದ ಮೇಲೆ ಬರೆದವರು, ಮೊದಲ 30 ಕಿ.ಮೀ.ಯನ್ನು ಒಂದು ಗಂಟೆ ಐದು ನಿಮಿಷಕ್ಕೇ ಮುಗಿಸಿದರು. ಡಬ್ಬಿಯ ಉಂಡೆಗಳನ್ನು ತಿನ್ನಲು ಮರೆತರು. ಮಾರಯ್ಯನ ಉಡಿಯಲ್ಲಿ ಅಂದು ಅಕ್ಕಿ ಹೆಚ್ಚಾದದ್ದು ಹೀಗೆಯೇ ಇರಬೇಕು: ಕೈಗೆ ಸಿಗುತ್ತಿದೆ, ಏಕೆ ಬಿಡಬೇಕು? ಬಿಸಿಲೇರಿತು. ಉಳಿದ 60 ಕಿ.ಮೀ.ಗೆ 2 ಗಂಟೆ 50 ನಿಮಿಷ ಹಿಡಿಯಿತು. ಇಳಿದಾಗ ತೊಡೆಯ ಸ್ನಾಯುಗಳು ಕಲ್ಲಾಗಿದ್ದವು. ಬಟ್ಟೆ ಬದಲಿಸುವ ಹೊತ್ತನ್ನೂ ಕಳೆದರೆ ಓಟಕ್ಕೆ 3 ಗಂಟೆ 17 ನಿಮಿಷ ಉಳಿದಿತ್ತು. ಕಿ.ಮೀ.ಗೆ ಒಂಬತ್ತು ನಿಮಿಷವಾದರೂ ಸಾಕು. ಗಣಿತದ ಮೇಷ್ಟ್ರಿಗೆ ಲೆಕ್ಕ ಸರಿಯಾಗಿಯೇ ಬಂದಿತ್ತು. ಕಾಲಿಗೆ ಆ ಲೆಕ್ಕ ಬರಲಿಲ್ಲ. ಐದು ಹೆಜ್ಜೆ ಓಡಿ ಹತ್ತು ಹೆಜ್ಜೆ ನಡೆಯುವಾಗ ತಂದೆಯ ಸೌದೆಯ ಮಾತು ನೆನಪಾಯಿತು. ತಡವಾಗಿತ್ತು.

ಅದೇ ದಿನ ಅದೇ ಮಾರ್ಗದಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅವರು 8 ಗಂಟೆ 27 ನಿಮಿಷ 32 ಸೆಕೆಂಡುಗಳಲ್ಲಿ ಸ್ಪರ್ಧೆಯನ್ನು ಪೂರೈಸಿದರು. ಗಡುವಿಗೆ ಮೂರು ನಿಮಿಷವೂ ಉಳಿದಿರಲಿಲ್ಲ. ಅದು ಮರುದಿನದ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಮೇಷ್ಟ್ರು ತಮ್ಮ ಎಂಟೂವರೆ ಗಂಟೆ ಮುಗಿದಾಗ 19ನೆಯ ಕಿ.ಮೀ.ನಲ್ಲಿದ್ದರು. ಸ್ವಯಂಸೇವಕಿಯೊಬ್ಬರು ಮೃದುವಾಗಿ ಮಾತನಾಡಿಸಿ, ಕಾಲಿಗೆ ಕಟ್ಟಿದ್ದ ಕಾಲಮಾಪಕದ ಪಟ್ಟಿಯನ್ನು ಬಿಚ್ಚಿಸಿಕೊಂಡರು. ವಾಹನದಲ್ಲಿ ಕೂರಬಹುದೆಂದರು. ಮೇಷ್ಟ್ರು ಕೈಮುಗಿದು, ಉಳಿದ ಎರಡು ಕಿ.ಮೀ.ಯನ್ನು ಪಾದಚಾರಿಗಳ ದಾರಿಯಲ್ಲಿ ನಡೆದರು. ಕಡಲೆ ಮಾರುವವನೊಬ್ಬ ದಾರಿ ಬಿಟ್ಟ. ಡಬ್ಬಿಯಲ್ಲಿ ಉಳಿದಿದ್ದ ಉಂಡೆಗಳನ್ನು ಅವರು ಆಗ ತಿಂದರು. ಪದಕವಿರಲಿಲ್ಲ, ಫಲಿತಾಂಶದ ಪಟ್ಟಿಯಲ್ಲಿ ಅವರ ಹೆಸರಿನೆದುರು ಪೂರೈಸಲಿಲ್ಲ ಎಂಬ ಅರ್ಥದ ಮೂರು ಅಕ್ಷರಗಳಷ್ಟೇ.

ಸ್ಪರ್ಧೆಯ ಇತಿಹಾಸದಲ್ಲಿ ಮಿತಿ ಮೀರಿ ಸಾಗಿದವರ ಕತೆಗಳು ಬಹಳ. 1982ರ ಫೆಬ್ರುವರಿಯಲ್ಲಿ ಹವಾಯಿಯ ಸ್ಪರ್ಧೆಯಲ್ಲಿ ಮುಂದಿದ್ದ ಜೂಲಿ ಮಾಸ್ ಎಂಬ ಯುವತಿ ಕೊನೆಯ ಗಜಗಳಲ್ಲಿ ಕುಸಿದು, ಹಿಂದಿನವಳು ದಾಟಿ ಗೆದ್ದ ಮೇಲೂ ತೆವಳುತ್ತ ಗೆರೆ ಮುಟ್ಟಿದಳು. ಬೆಂಗಳೂರಿನ ನಂಟಿರುವ ಅನು ವೈದ್ಯನಾಥನ್ 2009ರಲ್ಲಿ ಕೆನಡಾದಲ್ಲಿ ಮೂರು ದಿನಗಳ ‘ಅಲ್ಟ್ರಾಮ್ಯಾನ್’ ಪೂರೈಸಿದರು, 10 ಕಿ.ಮೀ. ಈಜು, 420 ಕಿ.ಮೀ. ಸೈಕಲ್, 84.4 ಕಿ.ಮೀ. ಓಟ ಅದರ ಪ್ರಮಾಣ. ಅವರ ಛಲ ದೊಡ್ಡದು, ಗೌರವಕ್ಕೆ ಅರ್ಹವಾದದ್ದು. ಆದರೆ ಛಲಕ್ಕೆ ಅಳತೆ ಬೇಡವೇ ಎಂಬ ಪ್ರಶ್ನೆ ಮೇಷ್ಟ್ರನ್ನು ಹಿಂದಿರುಗುವ ಬಸ್ಸಿನ ಉದ್ದಕ್ಕೂ ಕಾಡಿತು. ನೀರಿನಲ್ಲಿ ತನಗೆಷ್ಟು ಸಾಧ್ಯವೆಂಬುದನ್ನು ಅರಿತು ದೋಣಿಯನ್ನು ಹಿಡಿದ ಕೈ, ನೆಲದ ಮೇಲೆ ಆ ಅರಿವನ್ನು ಹೇಗೆ ಮರೆಯಿತು? ಭಯವಿದ್ದಾಗ ಇದ್ದ ವಿವೇಕ ಭಯ ಹೋದೊಡನೆ ಹೋಯಿತೇಕೆ? ಹುಣಸೂರು ತಲುಪಿದಾಗಲೂ ಅದಕ್ಕೆ ಅವರಲ್ಲಿ ಉತ್ತರವಿರಲಿಲ್ಲ.

ಮನೆಯ ಜಗುಲಿಯ ಮೇಲೆ ಅವ್ವ ಕುಳಿತಿದ್ದರು. ಮಗ ಕಾಲಿಗೆರಗಿ, “ಗಡುವಿನೊಳಗೆ ಮುಗಿಸೋಕೆ ಆಗಲಿಲ್ಲವ್ವ, ಎರಡು ಕಿಲೋಮೀಟ್ರು ಉಳೀತು” ಎಂದರು. ಅವ್ವನಿಗೆ ಕಿಲೋಮೀಟರುಗಳ ಗೊಡವೆ ಇರಲಿಲ್ಲ. ಮಗನ ತಲೆಗೂದಲನ್ನು ಮುಟ್ಟಿ, ಇನ್ನೂ ಉಪ್ಪಿನ ಅಂಟಿದ್ದ ಕೂದಲನ್ನು ಬೆರಳುಗಳ ನಡುವೆ ಉಜ್ಜಿ ನೋಡಿದರು.

“ನೀರಿಂದ ಎದ್ದು ಬಂದ್ಯಲ್ಲ ಮಗಾ. ಸಾಕು.”

ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಕಳುಹಿಸಿದಾಗ ಆಕೆಯ ದನಿಯಲ್ಲಿ ಗದರಿಕೆ ಇತ್ತೆಂದು ಕೇಳುವವರು ಊಹಿಸುತ್ತಾರೆ. ಪ್ರೀತಿಯೂ ಇದ್ದೀತು. ಎಷ್ಟು ಬೇಕೆಂದು ಅರಿಯದೆ ಹೊತ್ತು ಬಂದವನ ಹೆಗಲ ಭಾರವನ್ನು ಇಳಿಸುವುದು ಕೂಡ ಆ ‘ಸಾಕು’ ಎಂಬ ಮಾತಿನ ಕೆಲಸವೇ. ಮೇಷ್ಟ್ರು ಹೊತ್ತು ತಂದಿದ್ದ ಎರಡು ಕಿಲೋಮೀಟರುಗಳು ಜಗುಲಿಯ ಮೇಲೆ ಇಳಿದವು. ಇಪ್ಪತ್ತೈದು ವರ್ಷಗಳ ಹಿಂದಿನ ಅಂಗಿಯೂ ಅದರೊಡನೆ ತುಸು ಇಳಿದಿರಬಹುದು.

ಮುಂದಿನ ಬೇಸಿಗೆಯಲ್ಲಿ ಅವ್ವ ತವರಿನ ಜಾತ್ರೆಗೆ ಹೊರಟರು. ಬೈಕಿನ ಹಿಂದೆ ಕುಳಿತವರು ಸುತ್ತಿನ ದಾರಿಯ ತಿರುವಿನಲ್ಲಿ ಮಗನ ಭುಜವನ್ನು ತಟ್ಟಿ, ನೇರ ಹೋಗು ಎಂದರು. ಸೇತುವೆಯ ಮೇಲೆ ಬೈಕು ನಿಂತಿತು. ನಾಲೆಯಲ್ಲಿ ನೀರು ಕಡಿಮೆಯಿತ್ತು. ಮೂರು ಮಕ್ಕಳು ಮೆಟ್ಟಿಲ ಬಳಿ ನೀರೆರಚಿಕೊಂಡು ಆಡುತ್ತಿದ್ದರು. ಅವ್ವ ಬಹಳ ಹೊತ್ತು ನೋಡಿದರು. ಆಮೇಲೆ, ಮಗಳ ಮಗಳು ಒಂಬತ್ತು ವರ್ಷದವಳ ಹೆಸರು ಹೇಳಿ, “ಅವಳನ್ನೂ ಮೈಸೂರಿಗೆ ಕರ್ಕೊಂಡು ಹೋಗು. ಈಜು ಕಲೀಲಿ” ಎಂದರು.

ಈಗ ಭಾನುವಾರಗಳಂದು ಆ ಹುಡುಗಿಯೂ ಶಾಲೆಯ ಇನ್ನಿಬ್ಬರು ಮಕ್ಕಳೂ ಮೇಷ್ಟ್ರೊಡನೆ ಬೆಳಗಿನ ಬಸ್ಸು ಹತ್ತುತ್ತಾರೆ. ಮೊದಲ ತಿಂಗಳು ಅವರಿಗೆ ಕಂಬಿ ಹಿಡಿದು ನೀರಿನಲ್ಲಿ ಉಸಿರು ಬಿಡುವುದಷ್ಟೇ ಪಾಠವಾಗಿತ್ತು. ಮನೆಯ ತಂತಿಯ ಮೇಲೆ ಈಗ ಎರಡು ಟವೆಲುಗಳು, ಉಳಿದ ಬಟ್ಟೆಗಳ ನಡುವೆಯೇ ಒಣಗುತ್ತವೆ.